ಮಾತಿಗೆ ಅವಕಾಶ, ಉತ್ತರಕ್ಕಿಲ್ಲ ಹೊಣೆ: ಕ್ಯಾಲಿಫೋರ್ನಿಯದ ಬ್ರೌನ್ ಕಾಯ್ದೆ

ಆಡಳಿತ ಸಭೆಯಲ್ಲಿ ಜನರಿಗೆ ಕೂರಲು ಜಾಗ ಕೊಡುವುದೂ ಮಾತನಾಡಲು ಹಕ್ಕು ಕೊಡುವುದೂ ಬೇರೆಬೇರೆ ಸಂಗತಿಗಳೆಂಬುದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಬ್ರೌನ್ ಕಾಯ್ದೆಯ ಚರಿತ್ರೆಯಿಂದಲೇ ಸ್ಪಷ್ಟವಾಗುತ್ತದೆ. ಸ್ಥಳೀಯ ಸಂಸ್ಥೆಗಳು ಗುಟ್ಟಾಗಿ ಸೇರಿ ತೀರ್ಮಾನ ಕೈಗೊಳ್ಳುತ್ತಿದ್ದುದನ್ನು ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಪತ್ರಿಕೆಯ ಲೇಖನಮಾಲೆ ಬಯಲಿಗೆಳೆದ ಮೇಲೆ, ಶಾಸಕ ರಾಲ್ಫ್ ಎಂ. ಬ್ರೌನ್ ಅವರ ಮಸೂದೆ 1953ರಲ್ಲಿ ಕಾನೂನಾಯಿತು. ಆದರೆ ಅದು ತೆರೆದದ್ದು ಬಾಗಿಲನ್ನು ಮಾತ್ರ. ಸಾರ್ವಜನಿಕರ ಅಭಿಪ್ರಾಯಕ್ಕೆ ಸಭೆಯಲ್ಲಿ ಕಡ್ಡಾಯವಾಗಿ ಸ್ಥಾನ ಕಲ್ಪಿಸಿದ 54954.3ನೇ ಕಲಂ ಬಂದದ್ದು 1986ರ ತಿದ್ದುಪಡಿಯಲ್ಲಿ.

ನಗರಸಭೆ, ಶಾಲಾ ಮಂಡಳಿ, ಕೌಂಟಿ ಎಂಬ ಜಿಲ್ಲಾ ಘಟಕದ ಮಂಡಳಿ ಮುಂತಾದವುಗಳಿಗೆ ಅನ್ವಯಿಸುವ ಈ ಕಲಮಿನ ಸತ್ವವಿರುವುದು ಘೋಷಣೆಯಲ್ಲಲ್ಲ, ಅದರ ಸಣ್ಣಪುಟ್ಟ ವಿವರಗಳಲ್ಲಿ. ಕಾರ್ಯಸೂಚಿಯಲ್ಲಿರುವ ವಿಷಯವನ್ನು ಮಂಡಳಿ ಪರಿಶೀಲಿಸುವ ಮೊದಲು ಅಥವಾ ಪರಿಶೀಲಿಸುತ್ತಿರುವಾಗಲೇ ಜನರ ಮಾತು ಕೇಳಬೇಕು. ಎಂದರೆ ಗೊತ್ತುವಳಿ ಅಂಗೀಕಾರವಾದ ಮೇಲೆ ಉಪಚಾರಕ್ಕೆಂದು ಮೈಕು ಕೊಡುವಂತಿಲ್ಲ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚಿತವಾಗಿ ಪ್ರಕಟಿಸಬೇಕೆಂಬ ನಿಯಮವಿಲ್ಲದಿದ್ದರೆ ಈ ಹಕ್ಕು ಬರಿದಾಗುತ್ತಿತ್ತು, ಏಕೆಂದರೆ ಏನು ಚರ್ಚೆಗೆ ಬರಲಿದೆಯೆಂದೇ ತಿಳಿಯದವನು ಯಾವುದರ ಬಗ್ಗೆ ಮಾತನಾಡಬೇಕು? ಹಾಜರಾಗಲು ಹೆಸರು ಬರೆಸಲೇಬೇಕೆಂಬ ಷರತ್ತನ್ನು ಹಾಕುವಂತಿಲ್ಲ, ಸಂಸ್ಥೆಯ ನೀತಿ, ಕಾರ್ಯಕ್ರಮ, ಸೇವೆಗಳ ಟೀಕೆಯನ್ನು ನಿಷೇಧಿಸುವಂತಿಲ್ಲ. ಇಂಗ್ಲಿಷ್ ಬಾರದೆ ಅನುವಾದಕರ ನೆರವು ಪಡೆಯುವವರಿಗೆ, ಏಕಕಾಲಿಕ ಅನುವಾದದ ಸಲಕರಣೆ ಇಲ್ಲದಿದ್ದಲ್ಲಿ, ಇತರರಿಗೆ ನಿಗದಿಯಾದ ಸಮಯದ ಕನಿಷ್ಠ ಎರಡರಷ್ಟು ಕೊಡಬೇಕೆಂದು 2016ರ ತಿದ್ದುಪಡಿ ವಿಧಿಸಿತು. ಇಡೀ ಕಾಯ್ದೆಯಲ್ಲಿ ಜನರ ಪಾಡನ್ನು ಇಷ್ಟು ಹತ್ತಿರದಿಂದ ಕಂಡು ಬರೆದ ಮಾತು ಬಹುಶಃ ಇನ್ನೊಂದಿಲ್ಲ.

ಕೊರತೆಗಳೂ ವಿವರಗಳಲ್ಲೇ ಅಡಗಿವೆ. ಮಂಡಳಿಯ ಸದಸ್ಯರೇ ತುಂಬಿರುವ ಸಮಿತಿಯೊಂದು ತನ್ನ ಬಹಿರಂಗ ಸಭೆಯಲ್ಲಿ ಜನರ ಅಭಿಪ್ರಾಯ ಕೇಳಿದ್ದರೆ, ವಿಷಯ ಗಣನೀಯವಾಗಿ ಬದಲಾದಂಥ ಸಂದರ್ಭಗಳ ಹೊರತು, ಪೂರ್ಣ ಮಂಡಳಿ ಅದನ್ನು ಮತ್ತೆ ಕೇಳಬೇಕಾಗಿಲ್ಲ. ಈ ವಿನಾಯಿತಿ ವಿಶೇಷ ಸಭೆಗಳಿಗೆ ಅನ್ವಯಿಸದೆಂದು ಲಾಸ್ ಏಂಜಲೀಸ್ ನಗರದ ವಿರುದ್ಧದ ಮೊಕದ್ದಮೆಯೊಂದರಲ್ಲಿ 2019ರಲ್ಲಿ ಮೇಲ್ಮನವಿ ನ್ಯಾಯಾಲಯವೇ ಹೇಳಬೇಕಾಯಿತು. ಮಾತಿನ ಅವಧಿಯನ್ನು ‘ಯುಕ್ತ’ವಾಗಿ ಮಿತಿಗೊಳಿಸುವ ಅಧಿಕಾರ ಮಂಡಳಿಗಿದೆ, ಆದರೆ ಕನಿಷ್ಠ ಎಷ್ಟು ನಿಮಿಷವೆಂದು ಕಾಯ್ದೆ ಹೇಳುವುದಿಲ್ಲ. ಸಭೆಗೆ ಅಡ್ಡಿಪಡಿಸುವವರನ್ನು ಎಚ್ಚರಿಕೆ ನೀಡಿ ಹೊರಗೆ ಕಳುಹಿಸಲು ಅವಕಾಶ ಕೊಟ್ಟ 2022ರ ತಿದ್ದುಪಡಿ, ಅಡ್ಡಿ ವಾಸ್ತವದಲ್ಲಿ ನಡೆದಿರಬೇಕೆಂದು ಒತ್ತಿ ಹೇಳಿರುವುದರಿಂದ, ಆತಂಕಪಟ್ಟಷ್ಟು ಅಪಾಯಕಾರಿಯಲ್ಲ.

ಮುಖ್ಯ ದೋಷ ಬೇರೆಯೇ ಇದೆ. ಕಾರ್ಯಸೂಚಿಯಲ್ಲಿಲ್ಲದ ವಿಷಯವನ್ನು ನಾಗರಿಕನೊಬ್ಬ ಸಾಮಾನ್ಯ ಸಭೆಯಲ್ಲಿ ಎತ್ತಿದಾಗ ಮಂಡಳಿ ಅದರ ಮೇಲೆ ಚರ್ಚೆಯನ್ನಾಗಲಿ ತೀರ್ಮಾನವನ್ನಾಗಲಿ ಮಾಡುವಂತಿಲ್ಲ. ಮುನ್ಸೂಚನೆ ಪಡೆಯದ ಉಳಿದ ನಾಗರಿಕರ ದೃಷ್ಟಿಯಿಂದ ಇದು ನ್ಯಾಯವೇ. ಚುಟುಕಾಗಿ ಉತ್ತರಿಸುವುದು, ವಿವರಣೆ ಕೇಳುವುದು, ಸಿಬ್ಬಂದಿಗೆ ಒಪ್ಪಿಸುವುದು, ಮುಂದಿನ ಕಾರ್ಯಸೂಚಿಗೆ ಸೇರಿಸುವಂತೆ ಸೂಚಿಸುವುದು ಇವೆಲ್ಲಕ್ಕೂ ಅವಕಾಶವಿದೆ, ಆದರೆ ಯಾವುದೂ ಕಡ್ಡಾಯವಲ್ಲ. ಹೀಗಾಗಿ ಅಹವಾಲು ಕೇಳಿ ಮೌನವಾಗಿ ಮುಂದಿನ ವಿಷಯಕ್ಕೆ ಹೋಗುವ ಮಂಡಳಿಯೂ ಕಾಯ್ದೆಯನ್ನು ಅಕ್ಷರಶಃ ಪಾಲಿಸಿದಂತೆಯೇ ಆಗುತ್ತದೆ. ಎತ್ತಿದ ವಿಷಯ ಏನಾಯಿತೆಂದು ಗೊತ್ತಾದ ಅವಧಿಯಲ್ಲಿ ಲಿಖಿತವಾಗಿ ತಿಳಿಸುವ ಹೊಣೆ ಸೇರದೆ ಈ ಹಕ್ಕು ಅರ್ಧವಾಗಿಯೇ ಉಳಿಯುತ್ತದೆ. ಆ ತಿದ್ದುಪಡಿಯನ್ನು ತರಬೇಕಾದ ರಾಜ್ಯ ಶಾಸಕಾಂಗಕ್ಕೆ ಮಾತ್ರ ಬ್ರೌನ್ ಕಾಯ್ದೆ ಅನ್ವಯಿಸುವುದೇ ಇಲ್ಲ.