ಚಿಗುರಿದ ದಂಡ

ಹೀಬ್ರೂ ಧರ್ಮಗ್ರಂಥದಲ್ಲಿ, ಕನ್ನಡ ಬೈಬಲಿನವರು ಅರಣ್ಯಕಾಂಡವೆಂದು ಕರೆದಿರುವ ಭಾಗದಲ್ಲಿ, ಮೋಶೆಯ ಅಣ್ಣನೂ ಮಹಾಯಾಜಕನೂ ಆದ ಆರೋನನ ಕೋಲು ಚಿಗುರಿದ ಕಥೆಯುಂಟು. ಇದನ್ನು ಬರಿಯ ಪವಾಡವೆಂದು ಓದಿದರೆ ಇದರ ಸಾರವು ಕೈಸೇರದು. ಹಿಂದಣ 16ನೆಯ ಅಧ್ಯಾಯದೊಡನೆ ಕೂಡಿಸಿ ಓದಬೇಕು.

ಜನಸಮೂಹವೆಲ್ಲವೂ ಪವಿತ್ರವಾಗಿರಲು ಇವರಿಬ್ಬರಿಗೆ ಮಾತ್ರ ಮೇಲ್ಮೆಯೇಕೆಂದು ಕೋರಹನು ಕೇಳಿದನು. ಪ್ರಶ್ನೆಯು ಹಗುರವಾದುದಲ್ಲ. ಭೂಮಿಯು ಬಾಯ್ದೆರೆದು ವಿರೋಧಿಗಳನ್ನು ನುಂಗಿತು. ಧೂಪವನ್ನರ್ಪಿಸಿದ 250 ಮಂದಿಯನ್ನು ಅಗ್ನಿಯು ದಹಿಸಿತು. ಆದರೂ ಮರುದಿನವೇ ಜನರು ಗೊಣಗಿದರು. ಭಯವು ಬಾಯನ್ನೇ ಕಟ್ಟಲಾರದೆ ಹೋಯಿತು. ಇನ್ನು ಮನಸ್ಸನ್ನು ಒಪ್ಪಿಸುವುದೆಂತು?

ಬಳಿಕ ವ್ಯಾಧಿಯು ಹಬ್ಬಲು, ಆರೋನನು ಧೂಪಾರತಿಯನ್ನು ಹಿಡಿದು, ತನ್ನನ್ನು ದೂರಿದವರ ನಡುವಿಗೇ ಓಡಿ, ಸತ್ತವರಿಗೂ ಬದುಕಿದ್ದವರಿಗೂ ಮಧ್ಯದಲ್ಲಿ ನಿಂತನು. 14,700 ಮಂದಿ ಅಳಿದಿದ್ದರು. ಅಲ್ಲಿಗೆ ವ್ಯಾಧಿಯು ನಿಂತಿತು. ಇದಾದ ಮೇಲೆಯೇ ಕುಲಾಧಿಪತಿಗಳ ಕೋಲುಗಳನ್ನು ದೇವದರ್ಶನದ ಗುಡಾರದಲ್ಲಿ ಇರಿಸಿದುದು. ಮರುದಿನ ನೋಡಲಾಗಿ ಆರೋನನ ಕೋಲೊಂದೇ ಚಿಗುರಿ, ಹೂಬಿಟ್ಟು, ಬಾದಾಮಿಯ ಹಣ್ಣುಗಳನ್ನು ತಳೆದಿತ್ತು. ಈ ಕ್ರಮವೇ ಕಥೆಯ ಮರ್ಮ: ಜನರಿಗಾಗಿ ನಿಂತವನ ಕೋಲು ಫಲಿಸಿತು.

ಹೀಬ್ರೂವಿನ 'ಮಟ್ಟೆ' ಎಂಬ ಶಬ್ದಕ್ಕೆ ಕೋಲೆಂದೂ ಕುಲವೆಂದೂ ಎರಡರ್ಥಗಳುಂಟು. ನಮ್ಮ ಸಂಸ್ಕೃತದ 'ದಂಡ'ಕ್ಕಾದರೋ ಕೋಲೆಂದೂ ಶಿಕ್ಷೆಯೆಂದೂ ಅರ್ಥ. ಕೋರಹನ ಪ್ರಶ್ನೆಗೆ ಶಿಕ್ಷೆಯ ದಂಡವು ಕೊಡಲಾರದ ಉತ್ತರವನ್ನು ಚಿಗುರಿದ ದಂಡವು ಕೊಟ್ಟಿತೆಂದು ನಾನು ತಿಳಿಯುತ್ತೇನೆ.

ಆದರೆ ಅದನ್ನು ಕಂಡ ಮೇಲೂ ಜನರು ತಾವು ಕೆಟ್ಟೆವೆಂದು ಗೋಳಿಟ್ಟುದನ್ನು ಗ್ರಂಥಕಾರನು ಮರೆಮಾಚಿಲ್ಲ. ಶಿಕ್ಷೆಯು ಮಾಡಿದ ಗಾಯವು ಒಂದು ಇರುಳಿನ ಹೂವಿನಿಂದ ಮಾಯುವುದಿಲ್ಲವಷ್ಟೆ.