ಹಸ್ತ ಮುಗಿದ ಮೇಲಿನ ಹಿತ್ತಲು

ಹಸ್ತ ಮಳೆ ಸುರಿದು ಮುಗಿದು, ಚಿತ್ತೆ ಇನ್ನೂ ಮನಸ್ಸು ಮಾಡದ ದಿನಗಳಿವೆಯಲ್ಲ, ಆಗ ನಮ್ಮ ದೇವನಹಳ್ಳಿ ಸೀಮೆಯ ಹಿತ್ತಲುಗಳಿಗಿಂತ ರುಚಿಯಾದ ಜಾಗವನ್ನು ನಾನು ಕಂಡಿಲ್ಲ. ನೆಲ ಇನ್ನೂ ಒದ್ದೆ, ಬಿಸಿಲು ಎಳೆಯದು, ಗಾಳಿಯ ತುಂಬ ಸೀಬೆಯ ಘಮ. ಮಾವಿನ ಕಾಲಕ್ಕಿರುವ ಗದ್ದಲ ಈ ಕಾಲಕ್ಕಿಲ್ಲ. ನವರಾತ್ರಿಯಿಂದ ದೀಪಾವಳಿಯ ತನಕ ಹಿತ್ತಲ ಬಾಗಿಲು ತೆಗೆದರೆ ಸಾಕು, ಸೀತಾಫಲವೋ ಸೀಬೆಯೋ ಚಕ್ಕೋತವೋ ಹದಕ್ಕೆ ಬಂದಿರುತ್ತದೆ. ಅದನ್ನು ನನಗಿಂತ ಮೊದಲೇ ಕಂಡುಕೊಂಡ ಒಂದು ಪುಟ್ಟ ಜೀವವೂ ಅಲ್ಲೇ ಸುಳಿದಾಡುತ್ತಿರುತ್ತದೆ. ಆ ಜೀವಗಳನ್ನು ಬಿಟ್ಟು ಈ ಹಣ್ಣುಗಳ ರುಚಿಯನ್ನು ಹೇಳಲು ನನಗೆ ಬಾರದು.

ಸೀತಾಫಲವನ್ನೇ ಮೊದಲು ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚು ಪ್ರೀತಿ ನನಗೆ ಅದರ ಮೇಲೆ. ಕಾಯಿ ಬಲಿಯುತ್ತಾ ಬಂದಂತೆ ಮೈಮೇಲಿನ ಗುಬುಟುಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ. ನಡುವಿನ ಸಂದಿ ಹಸಿರು ಕಳೆದು ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಕಾಯಿ ಕಣ್ಣು ಬಿಟ್ಟಿತು ಎನ್ನುತ್ತಾರೆ. ಕೀಳಬೇಕಾದ್ದು ಆಗಲೇ. ಅವಸರಪಟ್ಟು ಎಳೆಯದನ್ನು ಕಿತ್ತರೆ ಕಪ್ಪಾಗಿ ಮುರುಟಿಕೊಳ್ಳುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಕಣ್ಣು ಬಿಟ್ಟದ್ದನ್ನು ತೊಟ್ಟಿನ ಸಮೇತ ಕೊಯ್ದು ಒಣಹುಲ್ಲಿನಲ್ಲೋ ಅಕ್ಕಿ ಡಬ್ಬದಲ್ಲೋ ಅಡೆ ಹಾಕಿದರೆ ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತದೆ. ಹಣ್ಣು ತಾನೇ ಬಿಡುವ ಎಥಿಲೀನ್ ಅನಿಲ ಮುಚ್ಚಿದ ಜಾಗದಲ್ಲಿ ಉಳಿದುಕೊಂಡು ಅದನ್ನೇ ಬೇಗ ಮಾಗಿಸುತ್ತದೆ. ನಮ್ಮ ಅಜ್ಜಿಯರ ಕೈಗೆ ಆ ಅನಿಲದ ಹೆಸರು ಗೊತ್ತಿರಲಿಲ್ಲ, ಅದರ ಹದ ಮಾತ್ರ ಚೆನ್ನಾಗಿ ಗೊತ್ತಿತ್ತು.

ತಿನ್ನಲು ಚಾಕು ಬೇಡ. ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ. ಹಣ್ಣು ತಾನೇ ಬಾಯಿ ಬಿಟ್ಟು, ತಂಪಾದ, ಬೆಳ್ಳಗಿನ, ತುಸುವೇ ಹುಳಿ ಸೋಕಿದ ಸಿಹಿ ಪರಿಮಳ ಮೇಲೇಳುತ್ತದೆ. ಒಂದೊಂದು ತೊಳೆಯನ್ನೂ ನಾಲಿಗೆಯ ಮೇಲಿಟ್ಟುಕೊಂಡು, ಅಂಗುಳಿಗೆ ಒತ್ತಿ, ತಿರುಳು ನಿಧಾನವಾಗಿ ಜಾರಿ ಹೋಗುವ ತನಕ, ನುಣ್ಣನೆಯ ಕರಿ ಬೀಜವೊಂದೇ ಬಾಯಲ್ಲಿ ಉಳಿಯುವ ತನಕ, ಸುಮ್ಮನೆ ಇರಬೇಕು. ಬೀಜವನ್ನು ಅಗಿಯಬಾರದು, ಅದು ವಿಷ. ಕೊನೆಗೆ ಸಿಪ್ಪೆಗೆ ಅಂಟಿದ ಮರಳುಮರಳಾದ ಪದರ ಉಳಿಯುತ್ತದೆ. ಬಹಳ ಜನ ಅದನ್ನು ಬಿಸಾಡುತ್ತಾರೆ. ನಾನು ಹಲ್ಲಿನಿಂದ ಕೆರೆದು ತಿನ್ನುತ್ತೇನೆ. ಗೋಡೆ ಗಟ್ಟಿಯಾದ ಕೋಶಗಳ ಆ ಸಣ್ಣ ಗರಗರ, ಮೆತ್ತಗಿನ ತಿರುಳಿನ ಹಿಂದೆ ಬಂದಾಗ, ಹಣ್ಣಿನ ಸಿಹಿಗೆ ಒಂದು ಮೈ ಕೊಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ‘ಅರ್ಕಾ ಸಹನ್’ ತಳಿ ಬಹಳ ಸಿಹಿ, ಬೀಜವೂ ಕಡಿಮೆ, ಒಳ್ಳೆಯ ಹಣ್ಣು. ಆದರೂ ಬೀಜದಿಂದೆದ್ದ ಹಿತ್ತಲ ಗಿಡದ ಈ ಗರಗರವನ್ನು ನಾನು ಬಿಟ್ಟುಕೊಡಲಾರೆ.

ಒಂದು ಹಣ್ಣಿನ ಹಿಂದೆ ಎಷ್ಟು ಸೂಕ್ಷ್ಮ ಕೆಲಸ ನಡೆದಿರುತ್ತದೆ! ಸೀತಾಫಲದ ಹೂವು ದಪ್ಪ ಎಸಳಿನ, ಹಸಿರು ಹಳದಿಯ, ತಲೆ ತಗ್ಗಿಸಿದ ಹೂವು. ಯಾರ ಕಣ್ಣಿಗೂ ಬೀಳದು. ಅದು ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ಹಾಗಾಗಿ ಪರಾಗ ಬೇರೊಂದು ಹೂವಿನಿಂದಲೇ ಬರಬೇಕು. ತರುವುದು ಎಸಳಿನ ಸಂದಿಗೆ ನುಗ್ಗುವ, ಸಾಸಿವೆಗಿಂತ ಸ್ವಲ್ಪ ದೊಡ್ಡ ಜೀರುಂಡೆಗಳು. ಹೂಗಳಲ್ಲಿ ಬಹುಪಾಲು ಉದುರಿಹೋಗಿ ಕೆಲವೇ ಕೆಲವು ಕಾಯಿ ಕಚ್ಚುತ್ತವೆ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಸೀತಾಫಲದ ಸೊಪ್ಪನ್ನು ಮಾತ್ರ ಆಡೂ ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುತ್ತದೆ. ಅದೇ ಕಹಿ ಸೊಪ್ಪಿನ ಮೇಲೆ ಟೇಲ್ಡ್ ಜೇ ಎಂಬ ಚಿಟ್ಟೆ ಮೊಟ್ಟೆಯಿಡುತ್ತದೆ. ಕಪ್ಪು ರೆಕ್ಕೆಯ ತುಂಬ ಎಳೆಹಸಿರು ಚುಕ್ಕಿ. ಹೂವಿನ ಮೇಲೆ ಮಕರಂದ ಹೀರುವಾಗಲೂ ರೆಕ್ಕೆ ಬಡಿಯುವುದನ್ನು ನಿಲ್ಲಿಸದ ಚಂಚಲೆ. ಇದರ ಹಸಿರು ಹುಳು ತಿಂದ ಎಲೆಗಳನ್ನು ಕಂಡರೆ ನನಗೆ ಸಂತೋಷವೇ. ಇನ್ನು ಹಣ್ಣಿನ ವಿಚಾರಕ್ಕೆ ಬಂದರೆ ಅಳಿಲಿನ ನಾಲಿಗೆಗೆ ಎಣೆಯಿಲ್ಲ. ಅದಕ್ಕೆ ಅಡೆ ಹಾಕುವ ಪದ್ಧತಿ ಬೇಡ. ಕೊಂಬೆಯಲ್ಲೇ ಮೆತ್ತಗಾದ ಹಣ್ಣನ್ನು ಮೂಸಿ ಗುರುತಿಸಿ, ಹಿಂಗಾಲಲ್ಲಿ ತೊಗಟೆ ಕಚ್ಚಿ ತಲೆಕೆಳಗಾಗಿ ಇಳಿದು, ಒಂದು ಗುಬುಟು ಕಿತ್ತು ತೊಳೆ ಎಳೆದುಕೊಂಡು, ಕವಲಿನಲ್ಲಿ ಕೂತು ಎರಡೂ ಕೈಯಲ್ಲಿ ತಿರುತಿರುಗಿಸಿ ತಿನ್ನುತ್ತದೆ. ಹಣ್ಣಿಗೆ ಸೀತೆಯ ಹೆಸರು, ತಿನ್ನುವವನ ಬೆನ್ನ ಮೇಲೆ ರಾಮನ ಬೆರಳು ಸವರಿದ ಮೂರು ಗೆರೆ! ಗಿಡವೇನೋ ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು, ಸೀಬೆಯೂ ಆ ಕಡೆಯದೇ. ನಮ್ಮ ಅಳಿಲು, ನಮ್ಮ ಬಾವಲಿ ಅವನ್ನು ಎಷ್ಟು ಒಲಿದು ತಮ್ಮದಾಗಿಸಿಕೊಂಡಿವೆ ಎಂದರೆ, ಆ ದೂರ ಈಗ ನೆನಪಿಗೂ ಬರುವುದಿಲ್ಲ.

ಸೀಬೆಮರದ ಸೊಗಸು ಕಾಂಡದಿಂದಲೇ ಶುರು. ಹಳೆಯ ತೊಗಟೆ ತೆಳ್ಳಗೆ ಸುಲಿದು ಬಿದ್ದಲ್ಲಿ ತಾಮ್ರ, ಬೂದು, ಪಾಚಿಹಸಿರು ಪಟ್ಟೆಗಳು ಮೂಡುತ್ತವೆ. ಅಂಗೈಯಿಟ್ಟರೆ ನುಣುಪು, ತಂಪು. ಮಳೆಯ ನಡುವೆ ಬರುವ ಸೀಬೆ ನೀರು ಕುಡಿದು ಸಪ್ಪೆ, ಹಣ್ಣುನೊಣದ ಹುಳುವೂ ಜಾಸ್ತಿ. ಮಳೆ ಹಿಂದೆ ಸರಿದು ರಾತ್ರಿಗಳು ತಂಪಾದ ಮೇಲಿನ ಕಾಯಿಯೇ ಕಾಯಿ. ಅದನ್ನೂ ಪೂರ್ತಿ ಹಣ್ಣಾಗಲು ಬಿಡದೆ ದೋರೆಗಾಯಲ್ಲೇ ದೋಟಿಯಿಂದ ಇಳಿಸಿಕೊಳ್ಳಬೇಕು. ಹೊರಗೆ ತಿಳಿಹಳದಿ ಈಗಷ್ಟೇ ಮೂಡಿರಬೇಕು, ಒಳಗೆ ಹಲ್ಲಿಗೆ ಇನ್ನೂ ಕಟುಂ ಎನ್ನಬೇಕು. ಉಪ್ಪು, ಖಾರದ ಪುಡಿ ಸಾಕು. ಆ ಒಗರು, ಆ ಉಪ್ಪು, ಅವುಗಳ ಬೆನ್ನಿಗೆ ತಡವಾಗಿ ಬರುವ ಸಿಹಿ.

ಪೂರ್ತಿ ಹಣ್ಣಾದದ್ದು ರಾತ್ರಿಯ ಅತಿಥಿಗೆ. ಮೋಟುಮೂಗಿನ ಹಣ್ಣುಬಾವಲಿ ಮರದಲ್ಲಿ ಕೂತು ಉಣ್ಣುವುದು ಕಡಿಮೆ. ಹೊರಬಲ್ಲ ಹಣ್ಣಾದರೆ ಕಚ್ಚಿಕೊಂಡು ಬೇರೊಂದು ಮರಕ್ಕೆ ಹಾರಿ, ಅಲ್ಲಿ ನೇತಾಡುತ್ತಾ ಅಗಿದು, ತಿರುಳನ್ನು ಅಂಗುಳಿಗೆ ಒತ್ತಿ ರಸ ಹೀರಿಕೊಂಡು, ನಾರನ್ನು ಉಗುಳುತ್ತದೆ. ಸೀತಾಫಲ ತಿನ್ನಲು ನಾನು ಹೇಳಿದ ಕ್ರಮವೂ ಇದೇ ಅಲ್ಲವೇ! ಅದು ಕಚ್ಚಿಬಿಟ್ಟದ್ದನ್ನು ನಾವು ಮುಟ್ಟುವುದಿಲ್ಲ. ಆದರೆ ಕೆಳಗೆ ಬಿದ್ದು ಹುಳಿಯೇರಿದ ಹಣ್ಣನ್ನು ಗುಡಿಸಿ ಹಾಕಬೇಡಿ. ಮುಸ್ಸಂಜೆ ಅದರ ಮೇಲೆ ಈವ್ನಿಂಗ್ ಬ್ರೌನ್ ಚಿಟ್ಟೆಗಳು ಇಳಿಯುತ್ತವೆ. ಮಳೆಗಾಲದಲ್ಲಿ ಇವುಗಳ ರೆಕ್ಕೆಯಡಿಯಲ್ಲಿ ಸಾಲು ಸಾಲು ಕಣ್ಣುಚುಕ್ಕಿ. ಒಣಹವೆಯಲ್ಲಿ ಹುಟ್ಟಿದವಕ್ಕೆ ಕಣ್ಣು ಮಾಯವಾಗಿ ತರಗೆಲೆಯ ಬಣ್ಣ, ತರಗೆಲೆಯ ಅಂಚು. ಎರಡು ಋತುಗಳ ಈ ಸಂಧಿಯಲ್ಲಿ, ಅದೃಷ್ಟವಿದ್ದರೆ, ಒಂದೇ ಸೀಬೆಯ ಮೇಲೆ ಎರಡೂ ವೇಷದವು ಸಿಗುತ್ತವೆ.

ಚಕ್ಕೋತದ ಮರದಲ್ಲಿ ಕೆಂಜಿಗಗಳ ರಾಜ್ಯ. ಸಾಲಾಗಿ ನಿಂತು, ಕಾಲಲ್ಲಿ ಒಂದು ಎಲೆ, ಬಾಯಲ್ಲಿ ಇನ್ನೊಂದು ಹಿಡಿದು ಅಂಚಿಗೆ ಅಂಚು ಸೇರಿಸುತ್ತವೆ. ಆಮೇಲೆ ಬೇರೆ ಕೆಲವು ತಮ್ಮದೇ ಮರಿಹುಳುಗಳನ್ನು ತಂದು, ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಆಡಿಸಿ, ಅವುಗಳ ಬಾಯಿಂದ ಹೊರಡುವ ರೇಷ್ಮೆ ಎಳೆಯಲ್ಲಿ ಎಲೆ ಹೊಲಿಯುತ್ತವೆ. ಆ ಬಿಳಿಯ ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು, ತೋಳು ಮಾತ್ರ ತಾಗಿಸಬಾರದು. ದಕ್ಷಿಣ ಚೀನಾದ ಕಿತ್ತಳೆ ತೋಟದವರು ಹಿಂದಿನಿಂದಲೂ ಇವುಗಳ ಗೂಡನ್ನು ದುಡ್ಡು ಕೊಟ್ಟು ತಂದು ಮರಕ್ಕೆ ಕಟ್ಟುತ್ತಿದ್ದರು, ಎಲೆ ತಿನ್ನುವ ಹುಳುಗಳನ್ನು ಇವು ನೋಡಿಕೊಳ್ಳುತ್ತವೆಂದು.

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ದಪ್ಪ ಸಿಪ್ಪೆ, ಅದರೊಳಗೆ ಬೆರಳು ಹೂತುಹೋಗುವಷ್ಟು ಮೆತ್ತನೆಯ ಬಿಳಿ ಪದರ. ಅಳಿಲಾಗಲಿ ಬಾವಲಿಯಾಗಲಿ ಇದರ ತಂಟೆಗೆ ಸುಲಭಕ್ಕೆ ಬರುವುದಿಲ್ಲ. ತೊಳೆಯ ಪೊರೆಯನ್ನು ತಾಳ್ಮೆಯಿಂದ ಸುಲಿದರೆ ಒಳಗೆ ನಸುಗೆಂಪಿನ ರಸದ ಕಾಳುಗಳು, ಒಂದೂ ಒಡೆಯದೆ, ಒತ್ತೊತ್ತಾಗಿ. ಹಲ್ಲಿಗೆ ಸಿಕ್ಕಿ ಒಂದೊಂದೇ ಸಿಡಿಯುವಾಗ ಹುಳಿ ಮೊದಲು, ಸಿಹಿ ಆಮೇಲೆ, ತುದಿಯಲ್ಲೊಂದು ತೆಳು ಕಹಿ. ಒಂದು ಹಣ್ಣು ಒಬ್ಬರಿಂದ ಮುಗಿಯುವಂಥದ್ದಲ್ಲ. ನೆರೆಮನೆಯವರನ್ನು ಕೂಗಿ ಕರೆದು ಜಗಲಿಯಲ್ಲಿ ಬಿಡಿಸಬೇಕು. ಸಿಪ್ಪೆಯನ್ನು ಮಕ್ಕಳಿಗೆ ಕೊಡಿ. ದೀಪಾವಳಿಯ ಹಣತೆಯ ಮುಂದೆ ಅದನ್ನು ಮಡಚಿ ಹಿಂಡಿದರೆ ಸಿಪ್ಪೆಯ ಎಣ್ಣೆ ಕುಡಿಗೆ ಚಿಮ್ಮಿ ಚಟಚಟ ಕಿಡಿಯಾಗುತ್ತದೆ. ಒಬ್ಬರಾದ ಮೇಲೆ ಒಬ್ಬರು ನನಗೆ ನನಗೆ ಎಂದು ಕೈ ಚಾಚುತ್ತಾರೆ, ಜಗಲಿಯ ತುಂಬ ಚಕ್ಕೋತದ ಘಾಟು ಪರಿಮಳ.