ಕಾಲುವೆಯನ್ನು ಉಳಿಸಿದ ಪತ್ರ

ಸಂಪಾದಕರಿಗೆ ಬರೆಯುವ ಪತ್ರವನ್ನು ಸಾಹಿತ್ಯವೆಂದು ನಾವು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಬೀದಿ ದೀಪ ಉರಿಯುತ್ತಿಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಎಂಬ ದೂರುಗಳಿಗೆ ಮೀಸಲಾದ ಅಂಕಣ ಅದು. ಮರುದಿನ ರದ್ದಿಗೆ ಸೇರುವಂಥದು. ಆದರೆ 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಅಚ್ಚಾದ ಒಂದು ಪತ್ರ, ಸುಮಾರು 297 ಕಿಲೋಮೀಟರ್ ಉದ್ದದ ಹಳೆಯ ಕಾಲುವೆಯೊಂದನ್ನೂ ಅದರ ದಂಡೆಯ ಕಾಡನ್ನೂ ಉಳಿಸುವುದಕ್ಕೆ ನಾಂದಿಯಾಯಿತು. ಇಂದು ‘ಗ್ರಾವೆಲ್ ಬೈಕ್’ ಎಂಬ ಅಗಲ ಟೈರಿನ ಸೈಕಲ್ ಏರಿ, ಜಲ್ಲಿ ಹಾಸಿದ ದಾರಿಗಳಲ್ಲಿ ದೂರ ಪ್ರಯಾಣ ಹೊರಡುವವರಿಗೆ ಆ ದಂಡೆ ಒಂದು ದೊಡ್ಡ ಆಕರ್ಷಣೆ. ಆ ಪತ್ರದ ಗುಣವೇನು, ಕೊರತೆಯೇನು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಕಾಲುವೆಯ ವಿಷಯ. ಅಮೆರಿಕದ ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ, ವಾಷಿಂಗ್ಟನ್ನಿನ ಜಾರ್ಜ್‌ಟೌನಿನಿಂದ ಕಂಬರ್‌ಲ್ಯಾಂಡ್ ಊರಿನವರೆಗೆ ಹೋಗುವ ಇದರ ಹೆಸರು ಚೆಸಪೀಕ್ ಅಂಡ್ ಒಹಾಯೊ ಕಾಲುವೆ. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸ್ವತಃ ಗುದ್ದಲಿ ಹಿಡಿದು ಕೆಲಸ ಆರಂಭಿಸಿದರು. ಅದೇ ದಿನ ಬಾಲ್ಟಿಮೋರಿನಲ್ಲಿ ಅದರ ಪ್ರತಿಸ್ಪರ್ಧಿಯಾದ ರೈಲುದಾರಿಗೂ ಶಂಕುಸ್ಥಾಪನೆಯಾಯಿತು. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ತಲುಪಿತು. ಕಾಲುವೆ ತಲುಪಿದ್ದು 1850ರಲ್ಲಿ. ಒಹಾಯೊ ನದಿಯವರೆಗೆ ಹೋಗಬೇಕೆಂಬ ಆಸೆ ಅಲ್ಲಿಗೇ ಮುಗಿಯಿತು. ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ಕಲ್ಲಿದ್ದಲಿನ ದೋಣಿಗಳನ್ನು ಎಳೆದವು. 1924ರ ಪ್ರವಾಹದ ನಂತರ ಆ ಸಾಗಣೆಯೂ ನಿಂತಿತು. 1938ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ಬಳಿಕ ಅದರ ಜಾಡಿನಲ್ಲೇ ಮೋಟಾರು ರಸ್ತೆ ಮಾಡಬೇಕೆಂಬ ಯೋಜನೆ ಹುಟ್ಟಿತು. 1954ರ ಜನವರಿ 3ರ ಸಂಪಾದಕೀಯದಲ್ಲಿ ‘ಪೋಸ್ಟ್’ ಅದನ್ನು ಬೆಂಬಲಿಸಿತು.

ಅದಕ್ಕೆ ಉತ್ತರ ಬರೆದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್. ಕಾನೂನು ಬಲ್ಲವರು, ಅದರಲ್ಲೂ ಅಷ್ಟು ದೊಡ್ಡ ಪೀಠದಲ್ಲಿ ಕೂತವರು, ಬರೆದರೆ ಕಲಮು, ಉಪಕಲಮುಗಳು ಇರುತ್ತವೆಂದು ನಾವು ಎಣಿಸುತ್ತೇವೆ. ಈ ಪತ್ರದಲ್ಲಿ ಅವು ಯಾವುವೂ ಇಲ್ಲ. ರಸ್ತೆಗೆ ಎಷ್ಟು ಖರ್ಚು, ಎಷ್ಟು ವಾಹನ ಎಂಬ ಲೆಕ್ಕಾಚಾರವಿಲ್ಲ. ಎದುರಾಳಿಯನ್ನು ಮೂದಲಿಸುವ ಮಾತಿಲ್ಲ. ರಾಜಧಾನಿಯ ಹಿತ್ತಿಲ ಬಾಗಿಲಲ್ಲೇ ಇಷ್ಟು ಉದ್ದದ ಮೌನ ಉಳಿದಿದೆ, ಇದನ್ನು ಹಾಳು ಮಾಡಬೇಡಿ ಎನ್ನುತ್ತಾರೆ. ಆಮೇಲೆ, ಸಂಪಾದಕೀಯ ಬರೆದವರು ಬೆನ್ನಿಗೆ ಗಂಟು ಕಟ್ಟಿಕೊಂಡು ತಮ್ಮ ಜೊತೆ ಪೂರ್ತಿ ದೂರ ನಡೆದು ಬರಲಿ ಎಂದು ಕರೆಯುತ್ತಾರೆ. ಪತ್ರದ ಶಕ್ತಿಯೆಲ್ಲ ಈ ಆಹ್ವಾನದಲ್ಲಿದೆ. ವಾದಕ್ಕೆ ಪ್ರತಿವಾದ ಹೂಡಬಹುದು, ಕಡತಕ್ಕೆ ಎದುರು ಕಡತ ಕಟ್ಟಬಹುದು. ದಿನವಿಡೀ ಟಿಪ್ಪಣಿ ಬರೆಯುವ ನನ್ನಂಥ ಗುಮಾಸ್ತನಿಗೆ ಇದು ಚೆನ್ನಾಗಿ ಗೊತ್ತು. ಆದರೆ ‘ಬನ್ನಿ, ನೋಡಿ, ಆಮೇಲೆ ಬರೆಯಿರಿ’ ಎಂದವರಿಗೆ ಏನೆಂದು ಉತ್ತರ ಹೇಳುವುದು?

‘ಪೋಸ್ಟ್’ ಸಂಪಾದಕರು ಆಹ್ವಾನವನ್ನು ಒಪ್ಪಿಕೊಂಡರು. ಅದು ಅವರ ದೊಡ್ಡತನ. ಮಾರ್ಚ್ 20ರಂದು ಕಂಬರ್‌ಲ್ಯಾಂಡಿನಿಂದ ಹೊರಟ ತಂಡ ಎಂಟು ದಿನ ನಡೆಯಿತು. ಡಗ್ಲಸ್ ಸೇರಿ ಒಂಬತ್ತು ಮಂದಿ ಮಾತ್ರ ಪೂರ್ತಿ ದೂರ ಕ್ರಮಿಸಿದರು. ಸಂಪಾದಕರ ಪಾದಗಳಲ್ಲಿ ಬೊಬ್ಬೆಗಳೆದ್ದವು; ಪತ್ರಿಕೆಯ ನಿಲುವೂ ಬಹುಮಟ್ಟಿಗೆ ಬದಲಾಯಿತು. 1961ರಲ್ಲಿ ಕಾಲುವೆ ರಾಷ್ಟ್ರೀಯ ಸ್ಮಾರಕವಾಯಿತು, 1971ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಪತ್ರದಿಂದ ಕಾನೂನಿನವರೆಗೆ ಹದಿನೇಳು ವರ್ಷ. ಒಂದು ಪತ್ರ ಎಲ್ಲವನ್ನೂ ಮಾಡಿತೆನ್ನುವುದು ಉತ್ಪ್ರೇಕ್ಷೆಯಾದೀತು. ಮೊದಲ ಹೆಜ್ಜೆ ಹಾಕಿಸಿತೆನ್ನುವುದು ನಿಜ.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಈ ಪತ್ರದಲ್ಲಿ ನರಿಯಿದೆ, ಬಾತುಕೋಳಿಯಿದೆ, ಮಂಜಿದೆ, ವಸಂತದ ಮೊದಲ ಹೂವಿದೆ. ಇಲ್ಲದಿರುವುದು ಕಾಲುವೆ ತೋಡಿದ ಮನುಷ್ಯ. ಡಗ್ಲಸ್ ಅದನ್ನು ಕಾಡು ಎಂಬಂತೆ, ದೇವರೊಡನೆ ಏಕಾಂತದಲ್ಲಿರುವ ತಾಣವೆಂಬಂತೆ ಕಾಣುತ್ತಾರೆ. ಕಾಲುವೆ ನಿಸರ್ಗದ ಕೊಡುಗೆಯಲ್ಲ. ಅದರ ಅಂಗುಲ ಅಂಗುಲವೂ ಕೂಲಿಯವರ ಬೆವರು. ಆ ಕೂಲಿಯವರಲ್ಲಿ ಬಹಳ ಮಂದಿ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ಐರಿಷರು. 1832ರಲ್ಲಿ ಅವರ ಬಿಡಾರಗಳಿಗೆ ಕಾಲರಾ ಬಡಿದು ಅನೇಕರು ಸತ್ತರು. 1834ರಲ್ಲಿ ಕೂಲಿಯವರ ಗುಂಪುಗಳ ನಡುವೆ ಹೊಡೆದಾಟವಾದಾಗ ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ ಸೈನ್ಯವನ್ನೇ ಕಳಿಸಿದರು. ಊರು ಬಿಟ್ಟು ಊರಿಗೆ ಬಂದು ಬದುಕು ಕಟ್ಟಿಕೊಂಡ ನಮಗೆ, ಈ ಮೌನದ ಕೆಳಗಿರುವ ಆ ಗದ್ದಲ ಕೇಳಿಸದೆ ಹೋಗಬಾರದು.

ಪತ್ರ ಬಿಟ್ಟದ್ದನ್ನು ದಾರಿ ಹೇಳುತ್ತದೆ ಎಂಬುದೇ ಸಮಾಧಾನ. ಕಾಲುವೆ ಏರುವ ಒಟ್ಟು ಎತ್ತರ 605 ಅಡಿ. ಅದಕ್ಕೆ 74 ಲಾಕ್‌ಗಳು. ಲಾಕ್ ಎಂದರೆ ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿದರೆ ದೋಣಿ ತಾನಾಗಿ ಮೇಲಕ್ಕೇಳುತ್ತದೆ. ಭಾಗಿಸಿ ನೋಡಿದರೆ ಒಂದೊಂದು ಲಾಕಿಗೆ ಸುಮಾರು ಎಂಟು ಅಡಿ, ಅಂದರೆ ಒಂದಾಳು ಕೈಯೆತ್ತಿ ನಿಂತಷ್ಟು. ಪಕ್ಕದಲ್ಲಿ ಕಾವಲುಗಾರನ ಪುಟ್ಟ ಮನೆ. ನಡುರಾತ್ರಿಯಲ್ಲಿ ದೋಣಿ ಬಂದರೂ ಅವನು ಎದ್ದು ಬಾಗಿಲು ತೆರೆಯಬೇಕಾಗಿತ್ತು. ದೋಣಿಗಳಲ್ಲಿ ಎಷ್ಟೋ ಕುಟುಂಬಗಳು ಸಂಸಾರ ಹೂಡಿದ್ದವು. ಮಕ್ಕಳು ಹೇಸರಗತ್ತೆಗಳ ಜೊತೆ ಮೈಲಿಗಟ್ಟಲೆ ನಡೆಯುತ್ತಿದ್ದರು. ಮೊನೊಕಸಿ ನದಿಯ ಮೇಲೆ ಏಳು ಕಮಾನುಗಳ ಸೇತುವೆ ಕಟ್ಟಿ, ನೀರಿನ ಮೇಲೆ ನೀರನ್ನೇ ದಾಟಿಸಿದ್ದಾರೆ. ಪಾ ಪಾ ಸುರಂಗ 3,118 ಅಡಿ ಉದ್ದ. ಎರಡು ವರ್ಷದ ಕೆಲಸವೆಂದು 1836ರಲ್ಲಿ ಕೈಹಾಕಿದರು, ದೋಣಿ ಹಾಯ್ದದ್ದು 1850ರಲ್ಲಿ. ಅರವತ್ತು ಲಕ್ಷ ಇಟ್ಟಿಗೆಗಳಿಗೂ ಮಿಕ್ಕಿ ಒಳಗೆ ಕೂತಿವೆ. ಸವಾರ ಅಲ್ಲಿ ಸೈಕಲ್ಲಿನಿಂದಿಳಿದು, ಬ್ಯಾಟರಿ ದೀಪ ಹಿಡಿದು, ಕತ್ತಲಲ್ಲಿ ಗೋಡೆಯ ಪಕ್ಕ ನಡೆಯಬೇಕು. ಕೂಲಿಯವನ ಕಷ್ಟ ಏನೆಂದು ತಿಳಿಯಲು ಆ ಕತ್ತಲಿಗಿಂತ ಒಳ್ಳೆಯ ಪಾಠವಿಲ್ಲ.

ಹೀಗೆಯೇ 1938ರಿಂದ ಕೆಳಭಾಗದ 22 ಮೈಲಿ ಕಾಲುವೆಯನ್ನು ರಿಪೇರಿ ಮಾಡಿದವರು ಸರ್ಕಾರದ ಉದ್ಯೋಗ ಶಿಬಿರಗಳಿಗೆ ಸೇರಿದ ಕಪ್ಪು ಯುವಕರು. ಡಗ್ಲಸ್ ಮೆಚ್ಚಿದ ದಂಡೆಯಲ್ಲಿ ಅವರ ಕೈಕೆಲಸವೂ ಇತ್ತು.

ಇನ್ನೊಂದು ಆಕ್ಷೇಪ ಬರಬಹುದು. ಮೋಟಾರಿನ ವೇಗದಲ್ಲಿ ಹೋಗುವವನಿಗೆ ಈ ನೆಲ ಅರ್ಥವಾಗದು, ಚಕ್ರಗಳ ಸದ್ದು ಇಲ್ಲಿಗೆ ಬೇಡ ಎಂಬುದು ಪತ್ರದ ನಿಲುವು. ಹಾಗಾದರೆ ಇಂದಿನ ಸೈಕಲ್ ಸವಾರರು ಆ ಮಾತಿಗೆ ಅಪಚಾರ ಮಾಡಿದಂತಾಗಲಿಲ್ಲವೇ? ನನಗೆ ಹಾಗೆ ತೋರುವುದಿಲ್ಲ. ಡಗ್ಲಸ್ ಹೆದರಿದ್ದು ಚಕ್ರಕ್ಕಲ್ಲ, ಅವಸರಕ್ಕೆ. ಈ ದಂಡೆಯಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿಯ ಮಿತಿಯಿದೆ. ಮಳೆ ಬಂದರೆ ಕೆಸರೇ ಅದಕ್ಕಿಂತ ಕಡಿಮೆ ಮಿತಿ ಹಾಕುತ್ತದೆ. ಎಂಟು ದಿನ ನಡೆಯಲಾರದ ಸಾಮಾನ್ಯನಿಗೆ, ನಾಲ್ಕೈದು ದಿನದ ರಜೆಯಲ್ಲಿ ಪೂರ್ತಿ ಕಾಲುವೆಯನ್ನು ಕಾಣುವ ಅವಕಾಶವನ್ನು ಸೈಕಲ್ ಕೊಟ್ಟಿದೆ. ಕಂಬರ್‌ಲ್ಯಾಂಡಿನಿಂದ ಪಿಟ್ಸ್‌ಬರ್ಗಿನವರೆಗೆ ಹಳೆಯ ರೈಲುದಾರಿಗಳ ಜಾಡಿನಲ್ಲಿ ಮಾಡಿದ ಸುಮಾರು 150 ಮೈಲಿಯ ಇನ್ನೊಂದು ಸೈಕಲ್ ಹಾದಿ 2013ರಲ್ಲಿ ಪೂರ್ಣಗೊಂಡಿತು. ಒಹಾಯೊ ನದಿಯನ್ನು ಮುಟ್ಟಬೇಕೆಂದು ಕಾಲುವೆ ಕಂಡ ಕನಸನ್ನು, ಹೀಗೆ ಹಳೆಯ ರೈಲುದಾರಿಯ ನೆರವಿನಿಂದಲೇ ಸೈಕಲ್ ಪೂರೈಸಿತು.

ಒಟ್ಟಿನಲ್ಲಿ, ಡಗ್ಲಸ್ ಅವರ ಪತ್ರ ಅರ್ಧ ಸತ್ಯವನ್ನು ಅತ್ಯಂತ ಪ್ರಾಮಾಣಿಕವಾಗಿ ಹೇಳಿದ ಬರಹ. ಮರ, ಹಕ್ಕಿ, ಮೌನ ಇವುಗಳ ಪರವಾಗಿ ಅದು ಗೆದ್ದಿತು. ಆ ಗೆಲುವಿನಿಂದಲೇ ಉಳಿದ ಅರ್ಧವೂ, ಎಂದರೆ ಕಲ್ಲು, ಇಟ್ಟಿಗೆ, ಕಾವಲುಮನೆಗಳೂ, ರಸ್ತೆಯ ಡಾಂಬರಿನಡಿ ಹೂತುಹೋಗದೆ ಉಳಿದವು. ನಮ್ಮ ಓದುಗರಲ್ಲಿ ಹಲವರ ಮಕ್ಕಳು ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದ್ದಾರೆ. ಮಕ್ಕಳ ಮನೆಗೆಂದು ಹೋದ ತಂದೆತಾಯಿಗಳು ಶ್ವೇತಭವನ ನೋಡಿ ಬಂದರೆ ಸಾಲದು. ಜಾರ್ಜ್‌ಟೌನಿನ ಆ ಮೊದಲ ಲಾಕಿನ ಬಳಿಯೂ ಹತ್ತು ನಿಮಿಷ ನಿಂತು ಬರಲಿ. ಪತ್ರದಲ್ಲಿ ಹೆಸರಿಲ್ಲದವರು ಅಲ್ಲಿ ಕಲ್ಲಿನಲ್ಲಿದ್ದಾರೆ.